ಮುಟ್ಟಿ ನೋಡಿದ್ರಾ?

ಮೇಡಂ ತೀರಿಕೊಂಡರು ಎಂದು ಫೋನ್ ಬಂದಾಗ ದುಃಖಕ್ಕಿಂತ ಮೊದಲು ನನಗಾದದ್ದು ಹೆದರಿಕೆ. ಹರಿಹರದ ಆ ಕೂಸು ಉಳಿಯಿತೋ ಇಲ್ಲವೋ ಎಂದು ಯಾರಿಗಾದರೂ ಗೊತ್ತಿದ್ದರೆ ಅದು ಅವರೊಬ್ಬರಿಗೆ. ಆರು ವರ್ಷ ನಾನು ಆ ಮಾತು ಎತ್ತಲಿಲ್ಲ. ಇನ್ನು ಎತ್ತಬೇಕೆಂದರೂ ಕೇಳುವುದು ಯಾರನ್ನು? ಒಲೆಯ ಮೇಲೆ ಹಾಲು ಉಕ್ಕಿ ಹರಿಯುತ್ತಿತ್ತು, ನಾನು ಫೋನ್ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಸರ್ವೆಯಲ್ಲಿ ಉತ್ತರ ಕೊಟ್ಟವರ ಹೆಸರು ಯಾರ ಮುಂದೆಯೂ ಬಾಯಿ ಬಿಡಬಾರದು ಎಂದು ನಮಗೆ ಕಲಿಸಿದವರೇ ಅವರು. ಈಗ ಅವರ ಹೆಸರನ್ನೇ ನಾನು ಊರ ಮುಂದೆ ಇಟ್ಟರೆ, ಎಲ್ಲಿದ್ದರೂ ಎದ್ದು ಬಂದು ಬೈದಾರು.

ಡಿಗ್ರಿ ಮುಗಿಸಿ, ವಿದ್ಯಾನಗರದ ಒಂದು ರೂಮಿನಲ್ಲಿ ಮೂವರು ಹುಡುಗಿಯರ ಜೊತೆ ಇದ್ದುಕೊಂಡು ಕೆಲಸ ಹುಡುಕುತ್ತಿದ್ದಾಗ ನನಗೆ ಸಿಕ್ಕಿದ್ದು ಸರ್ವೆ ಕೆಲಸ. ಮನೆಮನೆಗೆ ಹೋಗಬೇಕು, ಇತ್ತೀಚೆಗೆ ಹೆತ್ತ ತಾಯಂದಿರನ್ನು ಕಾಣಬೇಕು. ಹೆರಿಗೆಯಾದ ಮೇಲೆ ತಾಯಿಯನ್ನೂ ಕೂಸನ್ನೂ ಯಾರಾದರೂ ತಪಾಸಣೆ ಮಾಡಿದರೇ, ಯಾರು, ಎಷ್ಟನೇ ದಿನ ಎಂದು ಕೇಳಿ ಟ್ಯಾಬಿನಲ್ಲಿ ತುಂಬಬೇಕು. ನಾವು ನಾಲ್ವರು ಹುಡುಗಿಯರು, ನಮ್ಮ ಮೇಲೆ ಸೂಪರ್‌ವೈಸರ್ ಆಗಿ ಮೇಡಂ. ಐವತ್ತು ದಾಟಿದ್ದರು. ಕಾಟನ್ ಸೀರೆ, ಕರಿ ವ್ಯಾನಿಟಿ ಬ್ಯಾಗು, ಕೈಯಲ್ಲೊಂದು ಮಡಚಿದ ಕೊಡೆ. ಆ ಕೊಡೆ ಬಿಚ್ಚಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅದು ನಾಯಿಗಳಿಗೆ ಅಂತೆ. ಆದರೆ ನಾಯಿ ಬೊಗಳಿದರೆ ನಮ್ಮೆಲ್ಲರನ್ನೂ ಬಿಟ್ಟು ಮೊದಲು ಓಡುತ್ತಿದ್ದವರು ಅವರೇ, ಕೊಡೆಯನ್ನು ಎದೆಗವಚಿಕೊಂಡು.

ಧೈರ್ಯವಂತೆ ಎಂದು ಬರೆದರೆ ಸುಳ್ಳಾದೀತು. ನಾಯಿಗೆ ಹೆದರುತ್ತಿದ್ದರು, ಲಿಫ್ಟಿಗೆ ಹೆದರುತ್ತಿದ್ದರು, ಹರಿಹರದ ಸೇತುವೆ ಮೇಲೆ ಬಸ್ಸು ಓವರ್‌ಟೇಕ್ ಮಾಡಿದರೆ ಮುಂದಿನ ಸೀಟಿನ ಸರಳು ಹಿಡಿದು ಕಣ್ಣು ಮುಚ್ಚುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಹೆದರುತ್ತಿದ್ದದ್ದು ಸುಮ್ಮನೆ ಮಲಗಿದ ಕೂಸಿಗೆ. ಓಣಿಯಲ್ಲಿ ಎಲ್ಲಿಂದಲೋ ಹಸುಗೂಸು ಕಿರುಚುವುದು ಕೇಳಿದರೆ ಅವರ ಮುಖ ಅರಳುತ್ತಿತ್ತು. "ಆ ಮನಿಗೆ ನಾ ಹೋಗಲ್ಲ, ನೀವೇ ಹೋಗಿ ಬರ್ರಿ. ಅದು ಗಟ್ಟಿ ಐತೆ" ಅನ್ನುತ್ತಿದ್ದರು. ಸದ್ದಿಲ್ಲದ ಬಾಣಂತಿ ಮನೆಗೆ ಮಾತ್ರ ತಾವೇ ಮುಂದಾಗಿ ಹೋಗುತ್ತಿದ್ದರು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ಮನೆಯ ಹೊಸ್ತಿಲು ದಾಟುವ ಮುಂಚೆಯೂ ಎರಡೂ ಅಂಗೈ ಉಜ್ಜಿಕೊಳ್ಳುತ್ತಿದ್ದರು, ಚಳಿಯಲ್ಲಿ ಉಜ್ಜಿಕೊಂಡಂತೆ. ದಾವಣಗೆರೆಯ ಬಿಸಿಲಿನಲ್ಲಿ ಚಳಿ ಎಲ್ಲಿಂದ ಬರಬೇಕು? ಕೇಳಿದರೆ "ರೂಢಿ ಆಗೈತೆ ಬಿಡು" ಎನ್ನುತ್ತಿದ್ದರು. ನಾವು ಯಾರನ್ನೂ ಮುಟ್ಟುವಂತಿರಲಿಲ್ಲ. ಸರ್ವೆಯವರು ಕೇಳುವವರು, ವೈದ್ಯ ಮಾಡುವವರಲ್ಲ ಎಂದು ನಿಯಮವೇ ಇತ್ತು. ಜೊತೆಗೆ ಬಾಣಂತಿ ಕೋಣೆಯ ಕಟ್ಟುಪಾಡುಗಳೂ ಇದ್ದವಲ್ಲ. ಹೊಸ್ತಿಲ ಆಚೆ ಚಾಪೆ ಹಾಕಿದರೆ ಅಲ್ಲೇ ಕೂತು ಕೇಳಬೇಕು.

ಟ್ರೈನಿಂಗಿನ ಮೊದಲ ದಿನ ಒಂದೇ ಒಂದು ಶಬ್ದದ ಮೇಲೆ ಮೇಡಂ ಅರ್ಧ ದಿನ ತಿಂದುಬಿಟ್ಟರು. ಪ್ರಶ್ನಾವಳಿಯಲ್ಲಿ ಇದ್ದದ್ದು 'ತಪಾಸಣೆ'. ಓಣಿಯ ಹೆಂಗಸರಿಗೆ ತಪಾಸಣೆ ಎಂದರೆ ಪೊಲೀಸರು ಲಾರಿ ನಿಲ್ಲಿಸುವುದು. ಅದಕ್ಕೇ ಕೇಳುವವರೆಲ್ಲ ತಮಗೆ ತಾವೇ ಅದನ್ನು 'ನೋಡಿದ್ರಾ' ಎಂದು ಸಡಿಲ ಮಾಡಿಕೊಳ್ಳುತ್ತಾರೆ. ಅಲ್ಲೇ ಕೆಡುವುದು ಎಂದರು ಮೇಡಂ.

"ನಮ್ಮ ಕಡೆ ನೋಡೋದು ಎಷ್ಟು ಥರ ಐತೆ ಹೇಳ್ರಿ? ಹೆಣ್ಣು ನೋಡಾಕೆ ಬರ್ತಾರೆ. ಸಿನಿಮಾ ನೋಡ್ತಾರೆ. ಡಾಕ್ಟ್ರೂ ನೋಡ್ತಾರೆ. ಕೂಸಿನ್ನ ನೋಡಾಕೆ ಬಂದೋರು ಫ್ರಾಕು ಕೊಟ್ಟು, ಚಾ ಕುಡ್ದು, ಮೂಗು ಯಾರ್ದು ಬಂದೈತೆ ಅಂತ ಜಗಳ ಆಡಿ ಹೋಗ್ತಾರೆ. ನೀವು ನೋಡಿದ್ರಾ ಅಂತ ಕೇಳಿದ್ರೆ ಆಕಿ ಹೂಂ ಅಂತಾಳೆ. ನೀವು ಹೌದು ಅಂತ ಒತ್ತಿ ಬರ್ತೀರಿ. ಬೆಂಗಳೂರಿನಾಗೆ ಕುಂತೋರು ಎಲ್ಲಾ ಕೂಸಿನ್ನೂ ಡಾಕ್ಟ್ರು ನೋಡ್ಯಾರೆ ಅಂತ ತಿಳ್ಕಂತಾರೆ."

"ಮತ್ತೆ ಹೆಂಗೆ ಕೇಳ್ಬೇಕ್ರಿ ಮೇಡಂ?" ಎಂದಳು ನಮ್ಮಲ್ಲೊಬ್ಬಳು.

"ಮುಟ್ಟಿ ನೋಡಿದ್ರಾ ಅಂತ ಕೇಳ್ರಿ. ಎಲ್ಲಿ ಮುಟ್ಟಿದ್ರು ಅಂತ ಕೇಳ್ರಿ. ಹೊಕ್ಕಳಾ, ಎದಿನಾ, ಕಾಲಾ?"

ಪ್ರಶ್ನೆಯ ಮಾತು ಬದಲಾಯಿಸುವಂತಿಲ್ಲ ಎಂದು ಮೇಲಿನ ಆಫೀಸಿನ ಸರ್ ಒಬ್ಬರು ತಕರಾರು ತೆಗೆದರು. "ಬದಲು ಮಾಡಲ್ಲ ಸರ್. ನಿಮ್ಮದು ಕೇಳಿ ಮುಗಿಸಿ, ಆಮೇಲೆ ನಮ್ಮದು ಕೇಳ್ತೀವಿ" ಎಂದು ಮೇಡಂ ಕೈಮುಗಿದರು. ಅಂದಿನಿಂದ ನಾವು ಅವರ ಬೆನ್ನ ಹಿಂದೆ ಅವರನ್ನು 'ಮುಟ್ಟಿ ನೋಡಿದ್ರಾ ಮೇಡಂ' ಎಂದೇ ಕರೆದು ನಗುತ್ತಿದ್ದೆವು.

ಇನ್ನೊಂದು ಪಾಠ ಸುಮ್ಮನಿರುವುದರದ್ದು. ಹುಟ್ಟಿ, ಒಂದು ಸಲ ಅತ್ತು, ಆಮೇಲೆ ಹೋದ ಕೂಸು ಯಾವುದಾದರೂ ಇದೆಯೇ ಎಂಬ ಪ್ರಶ್ನೆಗೆ ಎಲ್ಲರೂ ಮೊದಲು ಇಲ್ಲ ಎನ್ನುತ್ತಾರೆ. "ಇಲ್ಲ ಅಂದ್ರೂ ಮುಂದಕ್ಕೆ ಹೋಗ್ಬ್ಯಾಡ್ರಿ. ಮನಸ್ಸಿನಾಗೆ ಹತ್ತು ಎಣಿಸ್ರಿ. ಹೇಳಬೇಕು ಅನ್ನೋರಿಗೆ ಅಷ್ಟು ಜಾಗ ಬೇಕಾಗ್ತೈತೆ" ಎನ್ನುತ್ತಿದ್ದರು. ನಾನು ಎಣಿಸುತ್ತಿದ್ದೆ. ಆ ಹತ್ತು ಎಣಿಸುವಾಗ ನನಗೆ ಹೆದರಿಕೆ, ಎಲ್ಲಿ ಹೇಳಿಬಿಡುತ್ತಾರೋ ಎಂದು.

ಹರಿಹರದ ಆ ಮನೆ ಹೊಳೆಯ ಕಡೆಯ ಓಣಿಯಲ್ಲಿತ್ತು. ಇಪ್ಪತ್ತರ ಹುಡುಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಗಂಡ ಕರೂರಿನ ಕಡೆ ಯಾವುದೋ ಫ್ಯಾಕ್ಟರಿಯಲ್ಲಿ ಕೆಲಸ. ಕೂಸಿಗೆ ಒಂಬತ್ತು ದಿನ. ಕತ್ತಲ ಕೋಣೆ, ಹೊರಸಿನ ಕೆಳಗೆ ಕೆಂಡದ ಬುಟ್ಟಿ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಹುಡುಗಿಯ ತಾಯಿ, ಅಂದರೆ ಕೂಸಿನ ಅಜ್ಜಿ, ಹೊಸ್ತಿಲ ಮೇಲೆ ಕಾವಲು ಕೂತಿದ್ದಳು. ಮಧ್ಯಾಹ್ನ ಹನ್ನೆರಡಾಗಿತ್ತು, ಬೆಳಗ್ಗೆಯಿಂದ ಅದು ನನ್ನ ಐದನೇ ಮನೆ, ಹೊಟ್ಟೆ ಹಸಿದಿತ್ತು.

"ಮನೆಗೆ ಬಂದ ಮೇಲೆ ಕೂಸನ್ನು ಯಾರಾದರೂ ನೋಡಿದರಾ?"

"ಹೂಂ, ಭಾಳ ಮಂದಿ ನೋಡ್ಯಾರ್ರಿ. ನರ್ಸಮ್ಮನೂ ಬಂದಿದ್ಲು" ಎಂದಳು ಹುಡುಗಿ.

ನಾನು 'ನರ್ಸ್' ಎಂದು ಒತ್ತಿ ಮುಂದಕ್ಕೆ ಹೋದೆ. ಹತ್ತು ಎಣಿಸಲೂ ಇಲ್ಲ. ಏಳುವಾಗ ಹೊಸ್ತಿಲಾಚೆಯಿಂದಲೇ ಕೂಸಿನ ಕಡೆ ಕಣ್ಣು ಹಾಯಿಸಿ, "ಎಷ್ಟು ಗುಣದ ಕೂಸು! ನಾನು ಬಂದಾಗಿನಿಂದ ಒಂದು ಸಲಾನೂ ಅಳಲಿಲ್ಲ ನೋಡ್ರಿ" ಎಂದು ಹೊಗಳಿದೆ. ಅಜ್ಜಿ ಎದ್ದಳು. ಬಾಗಿಲ ಪರದೆ ಎಳೆದಳು.

ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತ ಮೇಡಂ ನನ್ನ ಟ್ಯಾಬ್ ತಿರುವಿ ಹಾಕಿದರು. ದಿನವೂ ಮಧ್ಯಾಹ್ನ ಹೀಗೆ ಪರೀಕ್ಷೆ ಮಾಡುತ್ತಿದ್ದರು.

"ಇಪ್ಪತ್ತೆರಡೇ ನಿಮಿಷಕ್ಕೆ ಮುಗ್ಸೀಯಲ್ಲ. ಯಾವ ನರ್ಸು?"

"ಗೊತ್ತಿಲ್ಲ ಮೇಡಂ. ಬಂದು ನೋಡಿದ್ಲಂತೆ."

"ಮುಟ್ಟಿ ನೋಡಿದ್ಲಾ?"

ನಾನು ಮಂಡಕ್ಕಿ ತಟ್ಟೆಗೆ ಕೈ ಹಾಕಿದೆ.

"ಕೂಸು ಅತ್ತಿತೇನು?"

"ಇಲ್ಲ ಮೇಡಂ, ಭಾಳ ಸಮಾಧಾನದ ಕೂಸು. ಒಂದೇ ನಿದ್ದೆ."

ಅವರ ಕೈಯಲ್ಲಿದ್ದ ಮೆಣಸಿನಕಾಯಿ ಬಜ್ಜಿ ಹಾಗೇ ತಟ್ಟೆಗೆ ಬಿತ್ತು. ಮುಖ ಬಿಳಿಚಿಕೊಂಡಿತು. ನಾಯಿ ಕಂಡಾಗಿನ ಮುಖವಲ್ಲ ಅದು, ಆ ಮುಖ ನಾನು ಮುಂಚೆ ಕಂಡಿರಲಿಲ್ಲ. "ಏಳು" ಎಂದರು. ಅಷ್ಟೇ. ನಾನು ಕೈ ತೊಳೆಯುವಷ್ಟರಲ್ಲಿ ಅವರು ಆಟೋದಲ್ಲಿ ಕೂತಿದ್ದರು. ಕೊಡೆ ಹೋಟೆಲಿನಲ್ಲೇ ಉಳಿಯಿತು.

ಆಟೋದಲ್ಲಿ ನನಗೂ ಹೆದರಿಕೆ ಹತ್ತಿಕೊಂಡಿತು. ಆ ಕೂಸು ಒಂದು ಸಲವಾದರೂ ಮಿಸುಕಾಡಿತ್ತೇ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ನೆನಪಿಗೆ ಬಂದದ್ದು ಬಟ್ಟೆಯ ಗಂಟು ಮಾತ್ರ. ಇಪ್ಪತ್ತೆರಡು ನಿಮಿಷ ಎದುರಿಗೆ ಕೂತಿದ್ದೆ, ಒಂದು ಕಣ್ಣು, ಒಂದು ಬಾಯಿ ನೆನಪಿಲ್ಲ.

ಓಣಿಗೆ ಕಾಲಿಡುವ ಹೊತ್ತಿಗೆ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ. ನನ್ನನ್ನು ಕಂಡದ್ದೇ ಬೆಂಕಿಯಾದಳು.

"ಬಂದ್ಳು ನೋಡು ಕಣ್ಣು ಹಾಕ್ದಾಕಿ! ಗುಣದ ಕೂಸು ಅಂದ್ಯಲ್ಲ, ನೀ ಹೋದ ಗಳಿಗಿಂದ ಹಾಲಿಗೆ ಬಾಯಿ ಹಚ್ಚಿಲ್ಲ ಅದು. ಒಳಗೆ ಕಾಲಿಟ್ರೆ ನೋಡು ಮತ್ತೆ!"

ಅಕ್ಕಪಕ್ಕದ ಹೆಂಗಸರು ಹೊರಗೆ ಬಂದರು. ನಾನು ಹಾಗಲ್ಲ ಅಜ್ಜಿ ಎಂದು ಶುರು ಮಾಡಿದೆ. ಮೇಡಂ ನನ್ನ ತೋಳು ಹಿಡಿದು ಹಿಂದಕ್ಕೆ ನೂಕಿದರು.

"ಹೌದು ಅಕ್ಕಾರೆ, ಈಕಿದೇ ಕಣ್ಣು ಬಿದ್ದೈತೆ" ಎಂದರು. "ಈಕಿ ಕಣ್ಣು ಭಾಳ ಕೆಟ್ಟದ್ದು. ನಮ್ಮ ಆಫೀಸಿನಾಗೆ ಎಲ್ಲಾರಿಗೂ ಗೊತ್ತು. ಈಕಿ ಹೊರಗೇ ಇರ್ಲಿ. ನೀವು ನೀವಾಳಿಸ್ರಿ, ಅಷ್ಟ್ರೊಳಗೆ ನಾ ಕೂಸಿನ್ನ ಬೆಚ್ಚಗೆ ಮಾಡ್ತೀನಿ. ಬಿಡ್ರಿ ನನ್ನ."

ಅಜ್ಜಿಗೆ ತನ್ನ ಮಾತು ಒಪ್ಪಿದವರು ಸಿಕ್ಕಿದ್ದೇ ಸಾಕಾಯಿತು, ದಾರಿ ಬಿಟ್ಟಳು. ಓಣಿಯವರೆಲ್ಲ ನನ್ನನ್ನು ನೋಡುತ್ತಿದ್ದರು. ಒಬ್ಬಳು ತನ್ನ ಮಗುವಿಗೆ ಸೆರಗು ಮುಚ್ಚಿದಳು. ನಾನು ಪರದೆಯ ಸಂದಿಯಿಂದ ಒಳಗೆ ನೋಡಿದೆ.

ಮೇಡಂ ಅಂಗೈ ಉಜ್ಜಿಕೊಂಡರು. ಬಟ್ಟೆಯ ಗಂಟು ಬಿಚ್ಚಿ ಕೂಸಿನ ಪಾದವನ್ನು ಕೈಯಲ್ಲಿ ಹಿಡಿದರು. ಅಷ್ಟು ದಿನ ಯಾವ ಮನೆಯಲ್ಲೂ ಯಾರನ್ನೂ ಮುಟ್ಟದ ಕೈ. ಆಮೇಲೆ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. "ತಣ್ಣಗೈತೆ" ಎಂದರು, ತುಟಿಯಲ್ಲಷ್ಟೇ.

"ಯಾವಾಗಿಂದ ಕುಡೀತಿಲ್ಲವ್ವ?" ಎಂದು ಹುಡುಗಿಯನ್ನು ಕೇಳಿದರು.

"ನಿನ್ನೆಯಿಂದ ಭಾಳ ನಿದ್ದೀರಿ. ಮಲಗಿದ ಕೂಸಿನ್ನ ಎಬ್ಬಿಸ್ಬಾರ್ದು ಅಂತಾರಲ್ಲ ಅಂತ ಬಿಟ್ವಿ."

"ನರ್ಸಮ್ಮ ಬಂದಿದ್ಲಲ್ಲ, ಆಕಿ ಏನಂದ್ಲು?"

"ಆಕಿ ನಮ್ಮ ಚಿಕ್ಕಪ್ಪನ ಮಗಳ್ರಿ. ನರ್ಸಿಂಗ್ ಓದಾಕೆ ಹತ್ಯಾಳೆ. ಮೂಗು ಚಲೋ ಐತೆ ಅಂದ್ಲು."

ಮೇಡಂ ಕೂಸಿನ ಬಟ್ಟೆಯನ್ನೆಲ್ಲ ತೆಗೆದು, ಹುಡುಗಿಯ ರವಿಕೆ ಬಿಚ್ಚಿಸಿ, ಕೂಸನ್ನು ಅವಳ ಬರಿ ಎದೆಗೆ ಒತ್ತಿ ಮಲಗಿಸಿ, ಮೇಲೆ ಕಂಬಳಿ ಸುತ್ತಿದರು. ಇತ್ತ ಅಜ್ಜಿ ಉಪ್ಪು ಮೆಣಸಿನಕಾಯಿ ನೀವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿ ಇಲ್ಲದಿದ್ದರೆ ಘಾಟು ಏಳಬೇಕು, ದೃಷ್ಟಿ ಇದ್ದರೆ ಘಾಟು ಬರುವುದಿಲ್ಲ ಎನ್ನುತ್ತಾರೆ. ಮೆಣಸಿನಕಾಯಿ ಚಟಪಟ ಸುಟ್ಟು ಕರಿಯಾಯಿತು. ಯಾರೂ ಕೆಮ್ಮಲಿಲ್ಲ. ನಾನು ಮೂಗೆಳೆದೆ, ಮತ್ತೆ ಎಳೆದೆ. ಏನೂ ಬರಲಿಲ್ಲ. ಬಿ.ಎಸ್ಸಿ. ಓದಿದ ನಾನೂ ನಂಬಿಬಿಟ್ಟೆ.

"ನೋಡಿದ್ರಾ ಅಕ್ಕಾರೆ, ಘಾಟೇ ಇಲ್ಲ" ಎಂದರು ಮೇಡಂ. "ಇದು ಉಪ್ಪಿಗೆ ಇಳಿಯೋ ಕಣ್ಣಲ್ಲ. ಡಾಕ್ಟ್ರ ಕೈಯಾಗೇ ಇಳಿಸ್ಬೇಕು. ನಡೀರಿ, ಈಗ್ಲೇ."

ಅಜ್ಜಿ ಎದ್ದೇಬಿಟ್ಟಳು.

ಹರಿಹರದ ಆಸ್ಪತ್ರೆಯಲ್ಲಿ ಡಾಕ್ಟರು ಕೂಸನ್ನು ನೋಡಿದವರೇ, ಒಂದೂ ಮಾತು ಕೇಳದೆ ದಾವಣಗೆರೆಗೆ ಆಂಬುಲೆನ್ಸ್ ಕರೆಸಿದರು. ಕೂಸು ಎದೆಯ ಮೇಲೆ ಹಾಗೇ ಇರಲಿ, ಇಷ್ಟು ದೂರ ಬದುಕಿ ಬಂದದ್ದು ಅದರಿಂದಲೇ ಎಂದರು. ಬದುಕುತ್ತದೆ ಎಂದು ಮಾತ್ರ ಹೇಳಲಿಲ್ಲ. ತಾಯಿ, ಕೂಸು, ಅಜ್ಜಿ ಒಳಗೆ ಹತ್ತಿದರು. ಬಾಗಿಲು ಹಾಕಿಕೊಳ್ಳುವಾಗ ಅಜ್ಜಿ ನನ್ನ ಕಡೆ ನೋಡಿ ನೆಲಕ್ಕೆ ಉಗಿದಳು. ನಾನು ಕೂಸನ್ನು ಕಂಡದ್ದು ಅಷ್ಟೇ, ಕಂಬಳಿಯೊಳಗಿನ ಒಂದು ಹಿಡಿ ಕೂದಲು.

ವಾಪಸು ಬಸ್ಸಿನಲ್ಲಿ ನಾನು ಅಳುತ್ತ ಜಗಳ ತೆಗೆದೆ. "ನನ್ನ ಕಣ್ಣು ಕೆಟ್ಟದ್ದು ಅಂದುಬಿಟ್ಟಿರಲ್ಲ ಮೇಡಂ, ಓಣಿ ಜನರ ಮುಂದೆ."

"ಇಪ್ಪತ್ತೆರಡು ನಿಮಿಷ ಕೂಸಿನ ಮುಂದೆ ಕುಂತು ಬರೇ ನೋಡಿ ಬಂದ್ಯಲ್ಲ, ಅದಕ್ಕೆ ಮತ್ತೇನಂತಾರೆ?" ಎಂದರು. ಕಪಾಳಕ್ಕೆ ಹೊಡೆದ ಹಾಗಾಯಿತು. ಸೇತುವೆ ದಾಟುವಾಗ ಬಸ್ಸು ಲಾರಿಯೊಂದನ್ನು ಹಿಂದೆ ಹಾಕಿತು, ಮೇಡಂ ಸರಳು ಹಿಡಿಯಲೂ ಇಲ್ಲ. ಕಿಟಕಿಯ ಕಡೆ ಮುಖ ಮಾಡಿಯೇ ಹೇಳಿದರು.

"ನಂದೂ ಹಿಂಗೇ ಸುಮ್ನಿತ್ತವ್ವ. ಚೊಚ್ಚಲದ್ದು. ನಾಕು ದಿನ. ಭಾಳ ಮಂದಿ ಬಂದು ನೋಡಿ ಹೋದ್ರು. ಗುಣದ ಕೂಸು ಅಂದ್ರು."

ಆಮೇಲೆ ಟ್ಯಾಬ್ ತೆಗೆಸಿ, ನರ್ಸ್ ಎಂದಿದ್ದ ಉತ್ತರವನ್ನು ನನ್ನ ಕೈಯಿಂದಲೇ 'ಯಾರೂ ಇಲ್ಲ' ಎಂದು ತಿದ್ದಿಸಿದರು. ಗಂಡನ ಊರಿನ ಆಶಾ ಕಾರ್ಯಕರ್ತೆ ಇವಳು ತವರಿಗೆ ಹೋಗಿದ್ದಾಳೆ ಎಂದು ಬಿಟ್ಟಿರುತ್ತಾಳೆ, ಇಲ್ಲಿಯ ಆಶಾಳ ಪಟ್ಟಿಯಲ್ಲಿ ಇವಳ ಹೆಸರೇ ಇರುವುದಿಲ್ಲ, ಎರಡೂ ಕಡೆ ತಪ್ಪಿಸಿಕೊಂಡ ಕೂಸು ಎಂದು ವಿವರಿಸಿದರು. "ನೀವು ಮುಟ್ಟಿ ನೋಡಿದ್ದನ್ನು ಬರೆಯಲಾ ಮೇಡಂ?" ಎಂದೆ. "ಬ್ಯಾಡ. ನಾವು ಲೆಕ್ಕದಾಗೆ ಬರಲ್ಲ" ಎಂದರು.

ಸರ್ವೆ ಮುಗಿದ ಮನೆಗೆ ಮತ್ತೆ ಹೋಗಬಾರದು ಎಂಬುದು ನಿಯಮ. ನಾನು ಆ ನಿಯಮದ ಹಿಂದೆ ಅಡಗಿಕೊಂಡೆ. ನಿಜ ಹೇಳಬೇಕೆಂದರೆ ಕೇಳಲು ಹೆದರಿದೆ. ಕೇಳದಿದ್ದಷ್ಟು ದಿನ ಕೂಸು ಬದುಕಿರಬಹುದು ಎಂದುಕೊಳ್ಳಲು ಜಾಗವಿತ್ತು. ಕೆಲಸ ಬಿಟ್ಟೆ, ಮದುವೆಯಾಯಿತು, ಕಾಲೇಜೊಂದರ ಆಫೀಸು ಸೇರಿದೆ. ನನ್ನ ಮಗ ಹುಟ್ಟಿದಾಗ ಗಂಟೆಗೊಮ್ಮೆ ಅವನ ಪಾದ ಹಿಡಿದು ನೋಡುತ್ತಿದ್ದೆ. ತುಂಬ ಹೊತ್ತು ಸುಮ್ಮನಿದ್ದರೆ ಚಿವುಟಿ ಅಳಿಸುತ್ತಿದ್ದೆ. "ನಿಂಗೇನು ಹುಚ್ಚು ಹಿಡ್ದೈತಾ?" ಎಂದು ಅಮ್ಮ ಬೈಯುತ್ತಿದ್ದಳು.

ಮೇಡಂ ಎರಡು ಮೂರು ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದರು. ಊಟ, ಮಗನ ಹಲ್ಲು, ತಮ್ಮ ಮಂಡಿನೋವು ಎಲ್ಲ ಮುಗಿದ ಮೇಲೆ ಪ್ರತಿ ಸಲವೂ ಸ್ವಲ್ಪ ಹೊತ್ತು ಮಾತು ನಿಲ್ಲಿಸುತ್ತಿದ್ದರು. ನಾನು ಸಿಗ್ನಲ್ ಹೋಯಿತೇನೋ ಎಂದುಕೊಳ್ಳುತ್ತಿದ್ದೆ. "ಸರಿ ಇಡ್ತೀನವ್ವ" ಎಂದು ಆಮೇಲೆ ಇಡುತ್ತಿದ್ದರು. ಅವರು ಹತ್ತು ಎಣಿಸುತ್ತಿದ್ದರು ಎಂದು ಹೊಳೆದದ್ದು ಅವರ ಮಣ್ಣಿಗೆ ಹೋಗುವ ದಿನ, ಆಟೋದಲ್ಲಿ.

ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಅವರ ಮನೆ. ಏಪ್ರಿಲ್ ಬಿಸಿಲು, ಹನ್ನೊಂದು ಗಂಟೆ. ಅಂಗಳಕ್ಕೆಲ್ಲ ಕಲ್ಲು ಚಪ್ಪಡಿ ಹಾಸಿತ್ತು. ಚಪ್ಪಲಿ ಬೀದಿಯಲ್ಲೇ ಬಿಟ್ಟು ಜನ ಸಾಲು ನಿಂತಿದ್ದರು. ಒಳಗೆ ಹೋಗಿ ಮೇಡಂ ಅವರ ಕಾಲು ಮುಟ್ಟಿದೆ. ತಣ್ಣಗಿತ್ತು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಹೊರಗೆ ಬಂದು ಗೋಡೆ ಹಿಡಿದು ನಿಂತೆ.

"ಯವ್ವಾ, ಆಕೀನೇ! ಕಣ್ಣು ಹಾಕ್ದಾಕಿ!"

ಸಾಲಿನಲ್ಲಿ ಅಜ್ಜಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಗಂಟಲು ಮಾತ್ರ ಹಾಗೇ ಇತ್ತು. ಪಕ್ಕದಲ್ಲಿ ಅವಳ ಮಗಳು, ಆ ಹುಡುಗಿ. ಇಬ್ಬರ ನಡುವೆ ಏನೋ ಮಿಸುಕಾಡಿತು. ಅಜ್ಜಿ ಸರಕ್ಕನೆ ಅದನ್ನು ಹಿಂದಕ್ಕೆಳೆದು ತನ್ನ ಸೆರಗು ಮುಚ್ಚಿದಳು.

"ಬಿಡು ಯವ್ವ, ಆರು ವರ್ಷ ಆತು" ಎಂದಳು ಹುಡುಗಿ, ನಾಚಿಕೆಯಿಂದ. ನನ್ನ ಕಡೆ ತಿರುಗಿ, "ಈ ಅಮ್ಮಾರು ವರ್ಷಾ ವರ್ಷಾ ಬರ್ತಿದ್ರು ರೀ, ಇದ್ರ ಹುಟ್ಟಿದ ದಿನಕ್ಕೆ" ಎಂದಳು.

"ಆರು ವರ್ಷ ಆದ್ರೇನು, ಕಣ್ಣು ಕಣ್ಣೇ" ಎಂದಳು ಅಜ್ಜಿ.

ಆ ಸೆರಗು ಕಿತ್ತು ಮುಖ ನೋಡಬೇಕೆಂದು ನನ್ನ ಜೀವ ತುಡಿಯುತ್ತಿತ್ತು. ಮೂಗು ಹೇಗಿದೆ, ಕಣ್ಣು ಯಾರದ್ದು, ಹಲ್ಲು ಬಿದ್ದಿದೆಯೋ. ನೋಡಲಿಲ್ಲ. ಕತ್ತು ಬಗ್ಗಿಸಿಬಿಟ್ಟೆ. ಸೆರಗಿನ ಕೆಳಗೆ ಎರಡು ಪುಟ್ಟ ಪಾದ ಮಾತ್ರ ಕಾಣುತ್ತಿದ್ದವು, ಧೂಳು ಮೆತ್ತಿದ ಕಾಲ್ಗೆಜ್ಜೆಯ ಪಾದ. ಕಾದ ಚಪ್ಪಡಿಯ ಮೇಲೆ ನಿಲ್ಲಲಾರದೆ, ಒಂದನ್ನು ಎತ್ತಿ ಇನ್ನೊಂದರ ಮೇಲೆ ಇಟ್ಟುಕೊಳ್ಳುತ್ತ, ಮತ್ತೆ ಅದನ್ನು ಇಳಿಸಿ ಇದನ್ನು ಎತ್ತುತ್ತ, "ಯಜ್ಜಿ, ಕಾಲು ಸುಡ್ತೈತೆ" ಎಂದು ಆ ಕೂಸು ಜೋರಾಗಿ ಅಳತೊಡಗಿತು.